ಸ್ಕೈ ದ್ವೀಪ: ಕುಲವೈರದಿಂದ ಗೇಣಿದಾರರ ಹಕ್ಕಿನವರೆಗೆ

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಸ್ಕೈ ದ್ವೀಪದ ಚರಿತ್ರೆಯನ್ನು ಮ್ಯಾಕ್ಲೌಡ್ ಮತ್ತು ಮ್ಯಾಕ್‌ಡೊನಾಲ್ಡ್ ಕುಲಗಳ ಕಾದಾಟದ ಕಥೆಯಾಗಿಯೇ ಬಹುಕಾಲ ಹೇಳಿಕೊಂಡು ಬಂದಿದ್ದಾರೆ. ಕೋಟೆ, ಕತ್ತಿ, ಮುಯ್ಯಿಗೆ ಮುಯ್ಯಿ, ಇವೇ ಆ ಕಥೆಗಳ ಸರಕು. ಆದರೆ ಈ ವೈರದ ಬೇರು ಇದ್ದದ್ದು ನೆಲದಲ್ಲಿ. ಕುಲಗಳ ಯುದ್ಧ ನಿಂತ ಮೇಲೂ ನೆಲದ ವ್ಯಾಜ್ಯ ಮುಗಿಯಲಿಲ್ಲ. ಮೊದಲು ಕುಲದ ಎದುರು ಕುಲ ನಿಂತಿತ್ತು, ಆಮೇಲೆ ಒಡೆಯನ ಎದುರು ಒಕ್ಕಲು ನಿಂತಿತು.

ಹದಿನೈದನೆಯ ಶತಮಾನದವರೆಗೆ ಸ್ಕೈ ಸೇರಿದಂತೆ ಪಶ್ಚಿಮ ಕಡಲಿನ ದ್ವೀಪಗಳ ಮೇಲೆ ಮ್ಯಾಕ್‌ಡೊನಾಲ್ಡ್ ವಂಶದ ದೊರೆಗಳ ಅಧಿಕಾರವಿತ್ತು. 1493ರಲ್ಲಿ ಸ್ಕಾಟ್ಲೆಂಡಿನ ಅರಸೊತ್ತಿಗೆ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಮೇಲೊಬ್ಬ ಒಡೆಯನಿಲ್ಲದೆ ಹೋದಾಗ ಕುಲಗಳು ಒಂದರ ಮೇಲೊಂದು ಬಿದ್ದವು. ಉತ್ತರದ ಫಲವತ್ತಾದ ಟ್ರಾಟರ್‌ನಿಶ್‌ಗೆ ರಾಜನ ಸನ್ನದು ಸಿಕ್ಕಿದ್ದು ಮ್ಯಾಕ್ಲೌಡರಿಗೆ, ಕಾಲಕ್ರಮದಲ್ಲಿ ಅಲ್ಲಿ ಗಟ್ಟಿಯಾಗಿ ತಳವೂರಿದ್ದು ಮ್ಯಾಕ್‌ಡೊನಾಲ್ಡರು. ಸನ್ನದು ಒಬ್ಬರ ಕೈಯಲ್ಲಿ, ಅನುಭೋಗ ಇನ್ನೊಬ್ಬರ ಕೈಯಲ್ಲಿ ಎಂದಾಗ ರಕ್ತ ಹರಿಯದೆ ಇರಲಿಲ್ಲ.

1578ರಲ್ಲಿ ಟ್ರಂಪನ್ ಎಂಬಲ್ಲಿ ಮ್ಯಾಕ್ಲೌಡ್ ಜನ ಪ್ರಾರ್ಥನೆಯಲ್ಲಿದ್ದಾಗ, ಯೂಯಿಸ್ಟ್ ದ್ವೀಪದಿಂದ ದೋಣಿಗಳಲ್ಲಿ ಬಂದ ಮ್ಯಾಕ್‌ಡೊನಾಲ್ಡರು ಇಗರ್ಜಿಗೆ ಬೆಂಕಿಯಿಟ್ಟರೆಂದು ಪರಂಪರೆ ಹೇಳುತ್ತದೆ. ಸುದ್ದಿ ತಿಳಿದು ಧಾವಿಸಿದ ಮ್ಯಾಕ್ಲೌಡರು ದಾಳಿಕೋರರನ್ನು ದಡದಲ್ಲೇ ಕಡಿದುಹಾಕಿದರಂತೆ. ಸತ್ತವರನ್ನು ಒಂದು ಕಲ್ಲುಗೋಡೆಯ ಪಕ್ಕ ಸಾಲಾಗಿ ಮಲಗಿಸಿ, ಗೋಡೆಯನ್ನೇ ಅವರ ಮೇಲೆ ಕೆಡವಿದರಂತೆ. ಇಗರ್ಜಿಯ ಪಾಳುಗೋಡೆಗಳು ಇಂದಿಗೂ ಇವೆ. 1601ರಲ್ಲಿ ಕುಲಿನ್ ಬೆಟ್ಟಗಳ ಬುಡದಲ್ಲಿ ನಡೆದ ಕಾಳಗದಲ್ಲಿ ಮ್ಯಾಕ್‌ಡೊನಾಲ್ಡರು ಗೆದ್ದರು. ಅದು ಸ್ಕೈಯಲ್ಲಿ ನಡೆದ ಕೊನೆಯ ಕುಲಕಾಳಗ. ಆಮೇಲೆ ಅರಸನ ಮಂತ್ರಾಲೋಚನಾ ಸಭೆ ನಡುವೆ ಬಂದು ರಾಜಿ ಮಾಡಿಸಿತು.

1609ರ ಅಯೋನಾ ಕಟ್ಟಳೆಗಳು ಕುಲನಾಯಕರನ್ನು ಎಡಿನ್‌ಬರೋದ ಹಿಡಿತಕ್ಕೆ ತಂದವು. ಅನುಕೂಲಸ್ಥರು ಹಿರಿಯ ಮಗನನ್ನು ಇಂಗ್ಲಿಷ್ ಕಲಿಯಲು ತಗ್ಗುನಾಡಿನ ಶಾಲೆಗೆ ಕಳಿಸಲೇಬೇಕಾಯಿತು. ರಾಜಧಾನಿಯ ಬದುಕಿನ ಜೊತೆಗೆ ಸಾಲವೂ ಬಂತು. ಅರಸನ ವಿರುದ್ಧ ದಂಗೆಯೆದ್ದ ಕುಲಗಳು ಸೋತ 1746ರ ಕಲ್ಲೋಡನ್ ಯುದ್ಧದ ನಂತರ ಕುಲನಾಯಕರ ವಂಶಪಾರಂಪರ್ಯ ನ್ಯಾಯಾಧಿಕಾರವನ್ನೂ ಸಂಸತ್ತು ರದ್ದುಮಾಡಿತು. ಪಡೆಗೆ ಜನ ಬೇಕಿದ್ದ ಕಾಲದಲ್ಲಿ ಒಕ್ಕಲು ನಾಯಕನ ಬಲವಾಗಿತ್ತು. ಈಗ ಅವನಿಗೆ ಬೇಕಾದದ್ದು ಗೇಣಿಯ ಹಣ.

ಈ ಬದಲಾವಣೆಯ ಒಂದು ಎಳೆ ನಮ್ಮ ಕರಾವಳಿಯನ್ನೂ ಮುಟ್ಟುತ್ತದೆ. ಅಜ್ಜನ ಸಾಲದ ಹೊರೆಯೊಂದಿಗೆ ಡನ್ವೆಗನ್ ಕೋಟೆಗೆ ಒಡೆಯನಾದ ನಾರ್ಮನ್ ಮ್ಯಾಕ್ಲೌಡ್ ಸೈನ್ಯ ಸೇರಿ ಭಾರತಕ್ಕೆ ಬಂದ. 1782ರಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವಿನ ಪಡೆಗೆ ಎದುರಾದ. 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದಾಗ ಕೋಟೆಯೊಳಗಿದ್ದವರಲ್ಲಿ ಅವನ ರೆಜಿಮೆಂಟಿನ ಹೈಲ್ಯಾಂಡ್ ಸೈನಿಕರೂ ಇದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಕುರಿ ಸಾಕಣೆ ಲಾಭದಾಯಕವಾಯಿತು, ಕಡಲಪಾಚಿಯ ಬೂದಿಯ ವ್ಯಾಪಾರ ಕುಸಿಯಿತು, 1846ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಡಿಯಿತು. ಒಡೆಯರು ಊರೂರುಗಳನ್ನೇ ಒಕ್ಕಲೆಬ್ಬಿಸಿದರು. 1853ರಲ್ಲಿ ಮ್ಯಾಕ್‌ಡೊನಾಲ್ಡ್ ಎಸ್ಟೇಟಿನ ಬೊರೆರೇಗ್ ಮತ್ತು ಸುಯಿಷ್ನಿಶ್ ಹಳ್ಳಿಗಳು ಬರಿದಾದವು. ಊರು ತೊರೆದು ಅಳುತ್ತ ಸಾಗಿದ ಜನರ ಮೆರವಣಿಗೆಯನ್ನು ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕಿ ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಈ ಜನರನ್ನು ಹೊರಹಾಕಿದ್ದು ಶತ್ರುಕುಲವಲ್ಲ, ಅವರದೇ ಒಡೆಯರ ಆಡಳಿತ.

ತಿರುವು ಬಂದದ್ದು 1882ರಲ್ಲಿ, ಬ್ರೇಸ್ ಎಂಬ ಊರಿನಿಂದ. ಬೆನ್ ಲೀ ಗುಡ್ಡ ಆ ಊರಿನವರ ಗೋಮಾಳವಾಗಿತ್ತು. ಮ್ಯಾಕ್‌ಡೊನಾಲ್ಡ್ ಎಸ್ಟೇಟು ಅದನ್ನು ಕಿತ್ತುಕೊಂಡು ಕುರಿ ಸಾಕಣೆಗೆ ಗುತ್ತಿಗೆ ಕೊಟ್ಟಿತ್ತು. ಗುಡ್ಡ ವಾಪಸು ಬರುವವರೆಗೆ ಗೇಣಿ ಇಲ್ಲ ಎಂದರು ಗೇಣಿದಾರರು. ಎತ್ತಂಗಡಿಯ ನೋಟಿಸು ತಂದ ಅಧಿಕಾರಿಯನ್ನು ತಡೆದು, ಆ ಕಾಗದಗಳನ್ನು ಅವನ ಕೈಯಿಂದಲೇ ಸುಡಿಸಿದರು. ಏಪ್ರಿಲ್ 19ರಂದು ಗ್ಲಾಸ್ಗೋದಿಂದ ತರಿಸಿದ ಸುಮಾರು 50 ಪೊಲೀಸರು ಬಂದರು. ಲಾಠಿಯ ಎದುರು ಕಲ್ಲು ಹಿಡಿದು ನಿಂತವರಲ್ಲಿ ಹೆಂಗಸರೇ ಮುಂದಿದ್ದರು. ಐವರನ್ನು ಬಂಧಿಸಲಾಯಿತು, ಸುದ್ದಿ ಇಡೀ ಬ್ರಿಟನ್ನಿಗೆ ಹರಡಿತು. ಮರುವರ್ಷ ಸರ್ಕಾರ ನೇಮಿಸಿದ ನೇಪಿಯರ್ ಆಯೋಗ ತನ್ನ ಮೊದಲ ಬೈಠಕ್ಕನ್ನು ಬ್ರೇಸ್‌ನಲ್ಲೇ ನಡೆಸಿತು. ಸಾಕ್ಷಿ ಹೇಳಲು ಬಂದ ಮೊದಲ ಗೇಣಿದಾರ, ನಿಜ ನುಡಿದರೆ ತನ್ನನ್ನು ನೆಲದಿಂದ ಎಬ್ಬಿಸುವುದಿಲ್ಲವೆಂಬ ಭರವಸೆಯನ್ನು ಮುಂಚೆಯೇ ಕೇಳಿದ. ಅವರು ಎಂಥ ಭಯದಲ್ಲಿ ಬದುಕುತ್ತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆಯೋಗದ ವರದಿಯ ಬಳಿಕ ಬಂದ 1886ರ ಕಾಯ್ದೆ ಸಣ್ಣ ಗೇಣಿದಾರರಿಗೆ ಭದ್ರ ಹಿಡುವಳಿ, ನ್ಯಾಯವಾದ ಗೇಣಿ ಮತ್ತು ಹಕ್ಕನ್ನು ಮಕ್ಕಳಿಗೆ ದಾಟಿಸುವ ಅವಕಾಶ ಕೊಟ್ಟಿತು. ಭೂಮಿಯೇ ಇಲ್ಲದವರಿಗೆ ಮಾತ್ರ ಏನೂ ಸಿಗಲಿಲ್ಲ. 1904ರಲ್ಲಿ ಸರ್ಕಾರಿ ಮಂಡಳಿಯೊಂದು ಗ್ಲೆಂಡೇಲ್ ಎಸ್ಟೇಟನ್ನು ಕೊಂಡು, ಕಂತಿನ ಮೇಲೆ ಗೇಣಿದಾರರಿಗೇ ಮಾರಿತು.

ಇತಿಹಾಸ ಬರೆಯುವ ಬಗೆಯೂ ಈ ಹೋರಾಟದೊಂದಿಗೇ ಬದಲಾಯಿತು. ಕುಲನಾಯಕರ ಪರಾಕ್ರಮ ಬಣ್ಣಿಸುವವರ ನಡುವೆ ಅಲೆಕ್ಸಾಂಡರ್ ಮೆಕೆಂಜಿ 1883ರಲ್ಲಿ ಒಕ್ಕಲೆಬ್ಬಿಸಿದವರ ಅನ್ಯಾಯಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. 1976ರಲ್ಲಿ ಜೇಮ್ಸ್ ಹಂಟರ್ ಗೇಣಿದಾರರನ್ನೇ ಕೇಂದ್ರದಲ್ಲಿಟ್ಟು ಚರಿತ್ರೆ ಬರೆದರು.

ನೆಲದ ಪ್ರಶ್ನೆ ಇನ್ನೂ ಹಳತಾಗಿಲ್ಲ. 2000ದಲ್ಲಿ ಮ್ಯಾಕ್ಲೌಡ್ ಕುಲನಾಯಕ ಡನ್ವೆಗನ್ ಕೋಟೆಯ ಚಾವಣಿ ರಿಪೇರಿಗೆಂದು ಕುಲಿನ್ ಬೆಟ್ಟಗಳನ್ನೇ 1 ಕೋಟಿ ಪೌಂಡಿಗೆ ಮಾರಾಟಕ್ಕಿಟ್ಟಾಗ, ಮ್ಯಾಕ್ಲೌಡರಿಗೆ ಸಿಕ್ಕಿದ 1611ರ ಸನ್ನದಿನಲ್ಲಿ ಆ ಬೆಟ್ಟಗಳು ಸೇರಿವೆಯೇ ಎಂಬ ವಿವಾದವೆದ್ದು ಕೊನೆಗೆ ಮಾರಾಟವನ್ನು ಕೈಬಿಡಲಾಯಿತು. 2003ರ ಭೂಸುಧಾರಣಾ ಕಾಯ್ದೆಯಂತೂ, ಒಡೆಯ ಒಪ್ಪದಿದ್ದರೂ ಗೇಣಿದಾರರ ಸಮುದಾಯ ತನ್ನ ನೆಲವನ್ನು ಕೊಳ್ಳಬಹುದೆಂಬ ಅವಕಾಶ ಕೊಟ್ಟಿತು.

ನನ್ನ ಮಟ್ಟಿಗೆ ಸ್ಕೈ ಚರಿತ್ರೆಯ ದೊಡ್ಡ ಗೆಲುವು 1601ರದ್ದಲ್ಲ, 1886ರದ್ದು. ದ್ವೀಪಕ್ಕೆ ಹೋಗುವವರು ಡನ್ವೆಗನ್ ಕೋಟೆಯನ್ನು ನೋಡಲಿ; ಬ್ರೇಸ್‌ನ ರಸ್ತೆಬದಿಯ ಸ್ಮಾರಕದ ಮುಂದೆಯೂ ತಪ್ಪದೆ ನಿಲ್ಲಲಿ. ಆ ನೆಲದ ಮೇಲೆ ದುಡಿಯುವವರಿಗೆ ಹಕ್ಕು ದಕ್ಕಿದ್ದು ಕುಲನಾಯಕರ ಕತ್ತಿಯಿಂದಲ್ಲ, ಬ್ರೇಸ್‌ನಂಥ ಊರುಗಳ ಹಟದಿಂದ.