ಚನ್ನಗಿರಿ ಕೋಟೆಗೆ ಒಂದು ಭಾನುವಾರ: ಯಾವ ಚನ್ನಮ್ಮ?

ಈ ವಾರ ಜಾಸ್ತಿ ದೂರ ಹೋಗಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಕೇಳ್ತಿರೋರು ಬೆಳಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದು. ಚನ್ನಗಿರಿ ಬೆಟ್ಟದ ಕೋಟೆ, ಆಮೇಲೆ ಸಂತೆಬೆನ್ನೂರು ಪುಷ್ಕರಣಿ. ಅಷ್ಟೇ ಪ್ಲಾನು.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ತೀನಿ. ಹೋದ ತಿಂಗಳು ಚಿಕ್ಕಪ್ಪನ ಮಗಳನ್ನು ಕರ್ಕೊಂಡು ಕೋಟೆ ಹತ್ತುವಾಗ, "ಇದು ಕಿತ್ತೂರು ಚನ್ನಮ್ಮನ ಹೆಸರಿನ ಊರು" ಅಂತ ಜೋರಾಗಿ ಹೇಳಿದೆ. ಕಲ್ಲಿನ ಮೇಲೆ ಕೂತಿದ್ದ ಹಿರಿಯರೊಬ್ಬರು, "ಅಲ್ಲ ತಮ್ಮಾ, ಕೆಳದಿ ಚನ್ನಮ್ಮ" ಅಂದ್ರು. ತಂಗಿ ಎದುರು ಮರ್ಯಾದೆ ಹೋಯ್ತು. ಮನೆಗೆ ಬಂದು ಓದೋಕೆ ಕೂತೆ.

ಕಿತ್ತೂರಿನ ರಾಣಿ ಬ್ರಿಟಿಷರ ಎದುರು ನಿಂತದ್ದು 1824ರಲ್ಲಿ. ಕೆಳದಿ ಚನ್ನಮ್ಮ ಅದಕ್ಕೂ ಸುಮಾರು 150 ವರ್ಷ ಮೊದಲಿನವಳು. ಗಂಡ ಸೋಮಶೇಖರ ನಾಯಕನ ಕೊಲೆಯಾದ ಮೇಲೆ, 1670ರ ದಶಕದ ಆರಂಭದಲ್ಲಿ ಆಡಳಿತ ಕೈಗೆ ತಗೊಂಡು ಸುಮಾರು 25 ವರ್ಷ ನಡೆಸಿದಳು. ಆಕೆಯ ದೊಡ್ಡ ಪರೀಕ್ಷೆ ಬಂದದ್ದು 1689ರಲ್ಲಿ. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಓಡ್ತಿದ್ದ. ಅವನಿಗೆ ಜಾಗ ಕೊಟ್ಟರೆ ಮೊಘಲರು ಬರೋದು ಖಚಿತ. ಆಕೆ ಕೊಟ್ಟಳು. ಅವನು ಜಿಂಜಿ ಸೇರಿದ, ಮೊಘಲ್ ಸೈನ್ಯ ಕೆಳದಿಯ ಮೇಲೆ ಬಂತು, ಚನ್ನಮ್ಮ ಎದುರಿಸಿ ನಿಂತಳು.

ಚನ್ನಗಿರಿಗೆ ಹೆಸರು ಬಂದದ್ದು ಈಕೆಯಿಂದ. ಹಾಗಂತ ಈಗ ಕಾಣೋ ಗೋಡೆಯೆಲ್ಲ ಆಕೆಯ ಕಾಲದ್ದೇ ಅಂದ್ಕೋಬೇಡಿ. 1763ರಲ್ಲಿ ಕೆಳದಿ ಸಂಸ್ಥಾನ ಹೈದರಾಲಿ ಕೈ ಸೇರಿತು, ಆಮೇಲೂ ಕಾಲ ಸುಮ್ಮನೆ ಕೂರಲಿಲ್ಲ. ಇನ್ನೊಂದು ಮಾತು. ಚನ್ನಗಿರಿ, ಹೊನ್ನಾಳಿ ದಾವಣಗೆರೆ ಜಿಲ್ಲೆಗೆ ಬಂದದ್ದು 1997ರಲ್ಲಿ, ಅಲ್ಲಿವರೆಗೆ ಎರಡೂ ಶಿವಮೊಗ್ಗದವು. ಕೆಳದಿ ನಮಗೆ ಪಕ್ಕದ ಜಿಲ್ಲೆಯ ಕಥೆ ಅನ್ನಿಸೋದು ಅದಕ್ಕೇ ಇರಬೇಕು.

ಬಿಸಿಲು ಏರೋ ಮೊದಲೇ ಹತ್ತಿ. ನೀರಿನ ಬಾಟಲಿ ಬೇಕೇ ಬೇಕು, ನೆರಳು ಕಡಿಮೆ. ಮೇಲೆ ರಂಗನಾಥಸ್ವಾಮಿ ಗುಡಿ ಇದೆ. ಕೆಳಗೆ ನೋಡಿದರೆ ಅಡಿಕೆ ತೋಟಗಳು. ಅರಮನೆಯ ಹೂದೋಟ ಹುಡುಕಬೇಡಿ, ನಮ್ಮ ಕೋಟೆಯ ತೋಟ ಇದೇ.

ಮಧ್ಯಾಹ್ನ ಊಟ ಮುಗಿಸಿ ಸಂತೆಬೆನ್ನೂರಿಗೆ ಬನ್ನಿ. ಜಗಳೂರಿನವರು ದಾವಣಗೆರೆ ಮೇಲೆ ಬರೋದರಿಂದ ಉಲ್ಟಾ ಮಾಡಬಹುದು, ಮೊದಲು ಪುಷ್ಕರಣಿ. ಹೊತ್ತಿದ್ದರೆ ಸೂಳೆಕೆರೆಯನ್ನೂ ನೋಡಿ, ಶಾಂತಿಸಾಗರ ಅಂತಾರಲ್ಲ, ಅದೇ.

ಪುಷ್ಕರಣಿ ಇಲ್ಲಿನ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು ಅಂತಾರೆ. ಕೊಳಕ್ಕೆ ಇಳಿಯೋ ಕಲ್ಲಿನ ಮೆಟ್ಟಿಲು, ನಡುವೆ ನೀರಿನಲ್ಲಿ ವಸಂತ ಮಂಟಪ, ಅದರ ಕಮಾನುಗಳಲ್ಲಿ ಬಿಜಾಪುರದ ಛಾಯೆ. ಎದುರಿಗೇ ಮುಸಾಫಿರ್‌ಖಾನ. ಬಿಜಾಪುರದ ರಣದುಲ್ಲಾ ಖಾನ್ ದಾಳಿ ಮಾಡಿದಾಗ ಗುಡಿ ಕೆಡವಿದ್ದು, ನಾಯಕ ತಿರುಗಿ ಬಂದು ಸೇಡು ತೀರಿಸಿಕೊಂಡದ್ದು, ಎರಡೂ ಕಥೆ ಊರಲ್ಲಿ ಕೇಳಿಸುತ್ತವೆ. ಒಂದನ್ನೇ ಕತ್ತರಿಸಿ ಸ್ಟೇಟಸ್ ಹಾಕೋದು ಸುಲಭ. ಎರಡನ್ನೂ ಕೇಳಿ, ಆಮೇಲೆ ಆ ಕಮಾನುಗಳನ್ನು ಇನ್ನೊಮ್ಮೆ ನೋಡಿ. ನಾಯಕನ ವಂಶ ಕೊನೆಗೆ ತರೀಕೆರೆಗೆ ಹೋಗಿ ನೆಲೆಸಿತು, ಕೊಳ ಇಲ್ಲೇ ಉಳಿಯಿತು.

ಸಂಜೆ ಬೆಳಕಿಗೆ ಮಂಟಪ ಚೆನ್ನಾಗಿ ಕಾಣುತ್ತೆ, ಫೋಟೋ ಆಗ ತೆಗೀರಿ. ನೀರಿಗೆ ಇಳಿಯೋದು ಬೇಡ. ಮೇಲೆ ಕೋಟೆ ಹತ್ತಿರ ಹಿರಿಯರು ಯಾರಾದರೂ ಕೂತಿದ್ದರೆ, ಮಾತಾಡೋ ಮೊದಲು ಸ್ವಲ್ಪ ಓದ್ಕೊಂಡು ಹೋಗಿ.