ಬಲವಾದ ಕೈ, ಬಿರುಸಿನ ಪಂದ್ಯ: ಪೋಕರ್ ಲೆಕ್ಕಾಚಾರ ಬೆಳೆದ ಬಗೆ

ಮಾಧವರಂ, ಆದೋನಿ ಸೀಮೆಯ ಕನ್ನಡಿಗರಿಗೆ ಇಸ್ಪೀಟಿನ ಎಕ್ಕ, ರಾಜ, ರಾಣಿಯರ ಪರಿಚಯ ಹೇಳಬೇಕಿಲ್ಲ. ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ಆಟಗಾರನಿಗೆ ಮೊದಲು ಸಿಗುವುದು ಎರಡೇ ಎಲೆ. ಕೈಯಲ್ಲಿ ರಾಣಿ ಜೋಡಿ ಇದೆ, ಎಲ್ಲರಿಗೂ ಸೇರಿದ ನೆಲದ ಎಲೆಗಳು ಬೀಳುವ ಮೊದಲೇ ಎದುರಾಳಿ ಪಂದ್ಯವನ್ನು ಜೋರಾಗಿ ಏರಿಸಿದ್ದಾನೆ. ಮತ್ತೂ ಏರಿಸುವುದೋ, ಸರಿಗಟ್ಟುವುದೋ, ಎಲೆ ಬಿಡುವುದೋ? ಈ ಪ್ರಶ್ನೆಗೆ ಸಿಕ್ಕ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

ಗಣಿತಜ್ಞ ಜಾನ್ ವಾನ್ ನಾಯ್ಮನ್, ಮೋರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ, ಸರಳ ಮಾದರಿಯೊಂದರ ಮೂಲಕ, ಬಲವಿಲ್ಲದ ಕೈಯಲ್ಲೂ ಆಗಾಗ ಪಂದ್ಯ ಏರಿಸುವುದು ಸರಿಯಾದ ಆಟದ ಭಾಗವೇ ಎಂದು ತೋರಿಸಿದ. ಹಾಗಾಗಿ ಏರಿಸಿದವನ ಕೈ ಬಲವಾಗಿಯೇ ಇರಬೇಕೆಂದಿಲ್ಲ.

1976ರಲ್ಲಿ ಪೋಕರ್ ಲೇಖಕ ಡೇವಿಡ್ ಸ್ಕ್ಲಾನ್‌ಸ್ಕಿ ಆರಂಭದ ಕೈಗಳನ್ನು ಗುಂಪುಗಳಾಗಿ ವಿಂಗಡಿಸಿದ. ತಾನೇ ಮೊದಲು ಏರಿಸಲು ಸಾಕಾಗುವ ಕೈ, ಇನ್ನೊಬ್ಬ ಏರಿಸಿದ ಮೇಲೆ ಸಾಲದು ಎಂಬುದು ಅವನ ಮುಂದಿನ ಪಾಠ. ಎರಡು ಎಕ್ಕಗಳು ಒಬ್ಬ ಎದುರಾಳಿಯ ಯಾವುದೋ ಕೈಯ ವಿರುದ್ಧ ಸುಮಾರು 85% ಗೆಲ್ಲುತ್ತವೆ. ಎದುರಾಳಿಗಳು ನಾಲ್ವರಿದ್ದರೆ ಅದು ಸುಮಾರು 56%ಕ್ಕೆ ಇಳಿಯುತ್ತದೆ. ಬಲವಾದ ಕೈಯಿದ್ದವನು ಮತ್ತೆ ಏರಿಸಿ ಎದುರಾಳಿಗಳನ್ನು ಕಡಿಮೆ ಮಾಡುವುದು ಇದಕ್ಕೇ.

ನಂತರದ ಪೀಳಿಗೆ ಒಂದೇ ಕೈಯನ್ನು ಊಹಿಸುವುದನ್ನು ಬಿಟ್ಟು, ಎದುರಾಳಿಯಲ್ಲಿ ಇರಬಹುದಾದ ಎಲ್ಲ ಕೈಗಳನ್ನೂ ಎಣಿಸತೊಡಗಿತು. ಅವನು ಎಕ್ಕ ಜೋಡಿ, ರಾಜ ಜೋಡಿ, ಎಕ್ಕ-ರಾಜ ಇವುಗಳಲ್ಲಿ ಮಾತ್ರ ಏರಿಸುವವನಾದರೆ, ಕ್ರಮವಾಗಿ 6, 6, 16ರಂತೆ ಒಟ್ಟು 28 ಸಾಧ್ಯತೆಗಳು. ಅವುಗಳೆದುರು ರಾಣಿ ಜೋಡಿಯ ಪಾಲು ಸುಮಾರು 40% ಮಾತ್ರ. ಸಣ್ಣ ಜೋಡಿಗಳಲ್ಲೂ ಏರಿಸುವವನಾದರೆ ಅದೇ ರಾಣಿಯರು ಮುಂದಿರುತ್ತಾರೆ.

2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸೀಫಿಯಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ, ಪಂದ್ಯಕ್ಕೆ ಮಿತಿಯಿರುವ ಇಬ್ಬರ ಹೋಲ್ಡೆಮ್ ಅನ್ನು ಬಹುತೇಕ ಬಿಡಿಸಿತು. 2017ರಲ್ಲಿ ಕಾರ್ನೆಗಿ ಮೆಲನ್‌ನ ಲಿಬ್ರಾಟಸ್ 1,20,000 ಕೈಗಳ ಆಟದಲ್ಲಿ ನಾಲ್ವರು ವೃತ್ತಿಪರರನ್ನು ಸೋಲಿಸಿತು. 2019ರ ಪ್ಲೂರಿಬಸ್ ಆರು ಜನರ ಆಟದಲ್ಲೂ ಗೆದ್ದಿತು. ಒಂದೇ ಕೈಯನ್ನು ಸದಾ ಒಂದೇ ರೀತಿ ಆಡಿದರೆ ಗುಟ್ಟು ಬಯಲಾಗುತ್ತದೆ. ಹಾಗಾಗಿ ಏರಿಸುವುದನ್ನೂ ಸರಿಗಟ್ಟುವುದನ್ನೂ ಬೆರೆಸಬೇಕೆಂದು ಈ ಯಂತ್ರಗಳು ತೋರಿಸಿದವು.

ಹಣವಿಟ್ಟು ಆಡುವ ಆಟಗಳ ಬಗ್ಗೆ ನಮ್ಮ ದೇಶದ ಕಾನೂನು ಬೇರೆಯೇ ದಾರಿಯಲ್ಲಿ ನಡೆದಿದೆ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದು ಆಂಧ್ರದ ಪ್ರಕರಣದಲ್ಲೇ. 2020ರಲ್ಲಿ ಅದೇ ಆಂಧ್ರ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಅಲ್ಲಿನ ಹೈಕೋರ್ಟ್ 2022ರಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಇಡೀ ದೇಶದಲ್ಲಿ ಅಂಥ ಆಟಗಳಿಗೆ ನಿಷೇಧ ತಂದಿತು.

ಕೈಯ ಬಲ ಎಲೆಯಲ್ಲಷ್ಟೇ ಇಲ್ಲ. ಏರಿಸಿದವನು ಯಾರು, ಎಲ್ಲಿ ಕೂತಿದ್ದಾನೆ, ಅವನ ಮುಂದೆ ಎಷ್ಟು ಹಣವಿದೆ ಎಂಬುದರಲ್ಲೂ ಇದೆ. ಈ ಗಣಿತವನ್ನು ಹಣವಿಡದೆಯೂ ಕಲಿಯಬಹುದು. ನಮ್ಮ ಹುಡುಗರು ಹಾಗೆಯೇ ಕಲಿಯಲಿ.