ಉಳಿದ ನಾಲ್ವರು ಏನಾದರು?

ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ದಿನಗಳಲ್ಲಿ ಮೇ ದಿನಾಚರಣೆಯ ಹಿನ್ನೆಲೆಯನ್ನು ನಾನು ನಾಲ್ಕೇ ಮಾತುಗಳಲ್ಲಿ ಮುಗಿಸುತ್ತಿದ್ದೆ. 1886ರಲ್ಲಿ ಷಿಕಾಗೋ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆಯ ದುಡಿಮೆ ಬೇಕೆಂದು ಮುಷ್ಕರ ಹೂಡಿದರು, ಮೇ 4ರಂದು ಹೇಮಾರ್ಕೆಟ್ ಚೌಕದ ಸಭೆಯಲ್ಲಿ ಪೊಲೀಸರ ಮೇಲೆ ಯಾರೋ ಬಾಂಬ್ ಎಸೆದರು, ಎಂಟು ಮಂದಿಗೆ ಶಿಕ್ಷೆಯಾಯಿತು, ನಾಲ್ವರನ್ನು ಗಲ್ಲಿಗೇರಿಸಿದರು. ಒಮ್ಮೆ ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು, "ಉಳಿದ ನಾಲ್ವರು ಏನಾದರು ಸಾರ್?" ಎಂದು ಕೇಳಿದ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದುಬಿಟ್ಟೆ. ನಿಜವೇನೆಂದರೆ, ನನಗೇ ಗೊತ್ತಿರಲಿಲ್ಲ. ಆ ಸಾಲವನ್ನು ಇಂದು ತೀರಿಸುತ್ತಿದ್ದೇನೆ.

ಆ ನಾಲ್ವರಲ್ಲಿ ಲೂಯಿ ಲಿಂಗ್ ಎಂಬುವನು ಗಲ್ಲಿನ ಹಿಂದಿನ ದಿನ ಸೆರೆಮನೆಯಲ್ಲೇ ಪ್ರಾಣ ಕಳೆದುಕೊಂಡ. ಫೀಲ್ಡನ್ ಮತ್ತು ಶ್ವಾಬ್ ಎಂಬುವರ ಮರಣದಂಡನೆ ಜೀವಾವಧಿ ಶಿಕ್ಷೆಯಾಯಿತು. ನೀಬೆ ಎಂಬುವನಿಗೆ ಮೊದಲೇ 15 ವರ್ಷಗಳ ಸಜೆ ವಿಧಿಸಲಾಗಿತ್ತು. ಈ ಮೂವರ ಕಥೆಯೊಂದಿಗೆ ಬೆಸೆದುಕೊಂಡ ಹೆಸರು ಇಲಿನಾಯ್ ರಾಜ್ಯದ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಅವರದು. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಚುನಾಯಿತರಾಗಿ ಆಡಳಿತ ನಡೆಸುವವರು.

ಆಲ್ಟ್‌ಗೆಲ್ಡ್ 1847ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ತಂದೆತಾಯಿಯರೊಡನೆ ಅಮೆರಿಕಕ್ಕೆ ಬಂದವರು. ಬಡ ರೈತನ ಮಗ. ಹದಿನಾರರ ವಯಸ್ಸಿನಲ್ಲಿ ಅಂತರ್ಯುದ್ಧದ ಸೈನಿಕ. ಅನಂತರ, ಹೇಳಲು ನನಗೆ ಹೆಮ್ಮೆ, ಶಾಲಾ ಉಪಾಧ್ಯಾಯ. ಮುಂದೆ ವಕೀಲರಾಗಿ, ಷಿಕಾಗೋದಲ್ಲಿ ಜಮೀನು ಮತ್ತು ಕಟ್ಟಡಗಳ ವ್ಯವಹಾರದಿಂದ ಸಿರಿವಂತರಾದರು, ನ್ಯಾಯಾಧೀಶರಾದರು. ಸೆರೆಮನೆಗಳು ಬಡವರನ್ನೇ ಹೇಗೆ ನುಂಗುತ್ತವೆ ಎಂಬುದನ್ನು ಕುರಿತು 1884ರಲ್ಲಿ ಪುಸ್ತಕವನ್ನೇ ಬರೆದರು. 1892ರ ಚುನಾವಣೆಯಲ್ಲಿ ಗೆದ್ದು ಗವರ್ನರ್ ಆದರು.

ಮೂವರನ್ನು ಬಿಡುಗಡೆ ಮಾಡಬೇಕೆಂದು ಷಿಕಾಗೋದ ಅನೇಕ ಗಣ್ಯರೇ ಮನವಿ ಸಲ್ಲಿಸಿದ್ದರು. ಅವರು ಬಯಸಿದ್ದು ದಯೆಯನ್ನು: 'ಸಾಕಷ್ಟು ಅನುಭವಿಸಿದ್ದಾರೆ, ಬಿಟ್ಟುಬಿಡಿ' ಎಂಬ ಧಾಟಿ. ಹಾಗೆ ನಾಲ್ಕು ಸಾಲು ಬರೆದು ಸಹಿ ಹಾಕಿದ್ದರೆ ದೊಡ್ಡ ಗದ್ದಲವಾಗುತ್ತಿರಲಿಲ್ಲ. ಆಲ್ಟ್‌ಗೆಲ್ಡ್ ಹಾಗೆ ಮಾಡಲಿಲ್ಲ. ವಿಚಾರಣೆಯ ಕಡತಗಳನ್ನೆಲ್ಲ ಓದಿದರು. 1893ರ ಜೂನ್ 26ರಂದು ಮೂವರಿಗೂ ಕ್ಷಮಾದಾನ ನೀಡಿ, ದೀರ್ಘ ಕಾರಣಪತ್ರವೊಂದನ್ನು ಪ್ರಕಟಿಸಿದರು. ಆರೋಪಿಗಳನ್ನು ದೋಷಿಗಳೆಂದು ಮೊದಲೇ ನಂಬಿದ್ದವರನ್ನು ಆರಿಸಿ ಜ್ಯೂರಿಯಲ್ಲಿ ಕೂರಿಸಲಾಗಿತ್ತು. ಬಾಂಬ್ ಎಸೆದವನು ಯಾರೆಂದೇ ತಿಳಿಯದಿರುವಾಗ, ಅವನು ಇವರ ಮಾತು ಕೇಳಿ ಎಸೆದನೆಂದು ಹೇಳಲು ಆಧಾರವಿಲ್ಲ. ನ್ಯಾಯಾಧೀಶರು ಪಕ್ಷಪಾತದಿಂದ ನಡೆದುಕೊಂಡರು ಎಂಬುವು ಅದರ ಮುಖ್ಯ ವಾದಗಳು. ಎಂದರೆ, ನೇಣಿಗೇರಿದ ನಾಲ್ವರ ವಿಷಯದಲ್ಲೂ ರಾಜ್ಯ ತಪ್ಪಿತೆಂದು ಸ್ವತಃ ರಾಜ್ಯದ ಮುಖ್ಯಸ್ಥರೇ ಬರೆದುಕೊಟ್ಟಂತಾಯಿತು.

ಪತ್ರಿಕೆಗಳು ಅವರನ್ನು ಅರಾಜಕತಾವಾದಿ ಎಂದು ಜರೆದವು. ಅವರ ಆಡಳಿತದ ಒಳ್ಳೆಯ ಕೆಲಸಗಳು ಆ ಕೂಗಿನಲ್ಲಿ ಮುಚ್ಚಿಹೋದವು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ ದುಡಿಮೆಯಿಂದ ಬಿಡಿಸುವ 1893ರ ಕಾಯಿದೆ ಜಾರಿಗೆ ಬಂದದ್ದು ಅವರ ಕಾಲದಲ್ಲೇ. ಅದರ ಮುಖ್ಯ ತನಿಖಾಧಿಕಾರಿಯಾಗಿ ಫ್ಲಾರೆನ್ಸ್ ಕೆಲಿ ಎಂಬ ಮಹಿಳೆಯನ್ನು ನೇಮಿಸಿದವರೂ ಅವರೇ. 1894ರ ಪುಲ್‌ಮನ್ ರೈಲ್ವೆ ಮುಷ್ಕರದಲ್ಲಿ, ರಾಜ್ಯ ಕೇಳದೆಯೇ ಸೇನೆ ಕಳುಹಿಸಿದ ಅಧ್ಯಕ್ಷ ಕ್ಲೀವ್‌ಲೆಂಡ್ ಅವರನ್ನು, ತಮ್ಮದೇ ಪಕ್ಷದವರಾದರೂ, ಪ್ರತಿಭಟಿಸಿದರು. 1896ರಲ್ಲಿ ಸೋತರು. ಆಸ್ತಿಯೂ ಕರಗಿತು. ಕೊನೆಗೆ ವಕೀಲ ಕ್ಲಾರೆನ್ಸ್ ಡ್ಯಾರೋ ಅವರ ಕಚೇರಿಯಲ್ಲಿ ವೃತ್ತಿ ಮುಂದುವರಿಸಿದರು. 1902ರ ಮಾರ್ಚ್‌ನಲ್ಲಿ, ದಕ್ಷಿಣ ಆಫ್ರಿಕದ ಬೋಯರ್ ಜನರ ಪರವಾಗಿ ಭಾಷಣ ಮಾಡಿದ ಬೆನ್ನಲ್ಲೇ ಕುಸಿದು, ತೀರಿಕೊಂಡರು.

ದಯೆ ತೋರಿದವರನ್ನು ಲೋಕ ಹೊಗಳುತ್ತದೆ. 'ಇಲ್ಲಿ ಅನ್ಯಾಯವಾಗಿದೆ' ಎಂದವರನ್ನು ಅಷ್ಟು ಸುಲಭವಾಗಿ ಸಹಿಸುವುದಿಲ್ಲ. ಕ್ಷಮೆಗೂ ನ್ಯಾಯಕ್ಕೂ ಇರುವ ಈ ಅಂತರವನ್ನು ಅಂದು ತರಗತಿಯಲ್ಲಿ ಹೇಳಬಹುದಿತ್ತು. ಕಡತ ಓದದೆ ತೀರ್ಪು ಕೊಟ್ಟವನಂತೆ, ಪ್ರಶ್ನೆ ಕೇಳಿದ ಹುಡುಗನನ್ನು ಕೂರಿಸಿದೆ. ಅವನು ಇದನ್ನು ಓದುತ್ತಿದ್ದರೆ, ಉತ್ತರ ತಡವಾದುದಕ್ಕೆ ಮನ್ನಿಸಲಿ. ತಪ್ಪು ಅವನದಾಗಿರಲಿಲ್ಲ, ನನ್ನದು.